ಸ್ಪ್ರಿಂಗ್ ರೇಟ್: ಸ್ಪ್ರಿಂಗಿನ ಮೇಲಿನ ನಂಬರ್ ಮತ್ತು ಚಕ್ರಕ್ಕೆ ಸಿಗುವ ಬಿಗಿ

ಕಾರಿಗೆ ಹಾಕುವ ರೇಸಿಂಗ್ ಸ್ಪ್ರಿಂಗ್ ಕೈಗೆತ್ತಿಕೊಂಡರೆ ಅದರ ಮೇಲೆ ಒಂದು ನಂಬರ್ ಕಾಣುತ್ತದೆ. ಜಪಾನಿನದಾದರೆ 8 ಎಂದಿರಬಹುದು. ಅಮೆರಿಕದ್ದಾದರೆ 450, ಯುರೋಪಿನದಾದರೆ 80. ಮೂರೂ ಹೆಚ್ಚು ಕಡಿಮೆ ಒಂದೇ ಸ್ಪ್ರಿಂಗ್, ಅಳತೆ ಮಾತ್ರ ಬೇರೆ. ಜಪಾನಿನವರು ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಕೆಜಿ ಭಾರ ಬೇಕು ಎಂದು ಹೇಳುತ್ತಾರೆ. ಅಮೆರಿಕದವರು ಇಂಚಿಗೆ ಎಷ್ಟು ಪೌಂಡ್ ಎನ್ನುತ್ತಾರೆ, ಯುರೋಪಿನವರು ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎನ್ನುತ್ತಾರೆ. ಇದೇ ಸ್ಪ್ರಿಂಗ್ ರೇಟ್.

8 ಕೆಜಿ ಸ್ಪ್ರಿಂಗ್ ಎಂದರೆ 80 ಕೆಜಿ ಹೇರಿದಾಗ 10 ಮಿಲಿಮೀಟರ್ ಕುಗ್ಗುತ್ತದೆ, 160 ಹೇರಿದರೆ 20. ಈ ಗುಣ ಸ್ಪ್ರಿಂಗಿನ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಲೆಕ್ಕದಲ್ಲೇ ತೀರ್ಮಾನವಾಗಿರುತ್ತದೆ. ತಂತಿಯ ದಪ್ಪಕ್ಕಂತೂ ಭಾರೀ ಪ್ರಭಾವ. ಅದನ್ನು ಬರೀ 10% ಹೆಚ್ಚಿಸಿದರೆ ಸ್ಪ್ರಿಂಗ್ 46% ಗಟ್ಟಿಯಾಗುತ್ತದೆ. ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಕೂರುವ ಕೆಳಗಿನ ಬಳೆಯನ್ನು ತಿರುಗಿಸಿ ಮೇಲೇರಿಸಬಹುದು. ಹಾಗೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟರೆ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೆ ಮಾಡಿದರೆ ಕಾರಿನ ಎತ್ತರ ಬದಲಾಗುತ್ತದೆ, ರೇಟ್ ಹಾಗೇ ಇರುತ್ತದೆ.

ಸುತ್ತು ಕತ್ತರಿಸಿದರೆ ಮಾತ್ರ ರೇಟ್ ನಿಜಕ್ಕೂ ಏರುತ್ತದೆ. ಕೆಲಸ ಮಾಡುವ 6 ಸುತ್ತುಗಳಲ್ಲಿ ಒಂದು ಹೋದರೆ 20% ಜಾಸ್ತಿ. ಆದರೆ ದಯವಿಟ್ಟು ಕತ್ತರಿಸಬೇಡಿ. ಚಕ್ರ ಗುಂಡಿಗೆ ಇಳಿದಾಗ ಮೊಟಕಾದ ಸ್ಪ್ರಿಂಗ್ ತನ್ನ ಜಾಗದಿಂದ ಸಡಿಲವಾಗಬಹುದು. ನನ್ನ ಹಳೇ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೀಗೆ ಮಾಡಿಕೊಟ್ಟಿದ್ದರು. ಪ್ರತಿ ಹಂಪ್ ಇಳಿದಾಗಲೂ ಮುಂದಿನಿಂದ ಟಣ್ ಎಂದು ಸದ್ದು ಬರುತ್ತಿತ್ತು. ಒಂದೇ ವಾರದಲ್ಲಿ ತೆಗೆಸಿಬಿಟ್ಟೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಪ್ರಿಂಗಿನ ಮೇಲೆ ಬರೆದಿರುವ ಬಿಗಿ ಪೂರ್ತಿಯಾಗಿ ಚಕ್ರಕ್ಕೆ ಸಿಗುವುದಿಲ್ಲ. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳಿ, ಆಮೇಲೆ ಕೀಲಿನ ಹತ್ತಿರ ತಳ್ಳಿ ನೋಡಿ. ಕೀಲಿನ ಹತ್ತಿರ ಎಷ್ಟು ಕಷ್ಟ ಅಲ್ವಾ? ಸಸ್ಪೆನ್ಷನ್ನಿನ ತೋಳೂ ಹೀಗೇ. ಒಂದು ತುದಿ ಚಾಸಿಗೆ ಕೀಲಾಗಿರುತ್ತದೆ, ಇನ್ನೊಂದು ತುದಿಯಲ್ಲಿ ಚಕ್ರ, ನಡುವೆ ಎಲ್ಲೋ ಸ್ಪ್ರಿಂಗ್. ಚಕ್ರ 10 ಮಿಲಿಮೀಟರ್ ಏರಿದಾಗ ಸ್ಪ್ರಿಂಗ್ 7 ಮಾತ್ರ ಕುಗ್ಗಿದರೆ ಮೋಷನ್ ರೇಶಿಯೊ 0.7. ಇಲ್ಲಿ ನಷ್ಟ ಎರಡು ಸಲ ಆಗುತ್ತದೆ. ಸ್ಪ್ರಿಂಗ್ ಕುಗ್ಗುವುದೇ 0.7ರಷ್ಟು. ಅದರಿಂದ ಹುಟ್ಟಿದ ಬಲ ಚಕ್ರಕ್ಕೆ ತಲುಪುವುದೂ 0.7ರಷ್ಟು. ಎರಡನ್ನೂ ಗುಣಿಸಿದರೆ 0.49. ಅಂದರೆ 8 ಕೆಜಿ ಸ್ಪ್ರಿಂಗ್ ಹಾಕಿದರೆ ಚಕ್ರಕ್ಕೆ ಸಿಗುವುದು 4 ಕೆಜಿ ಕೂಡ ಇಲ್ಲ. ಚಕ್ರಕ್ಕೆ ಸಿಗುವ ಈ ಬಿಗಿಯೇ ವೀಲ್ ರೇಟ್.

ಮಾಜ್ದಾ ಎಂಎಕ್ಸ್-5 ಕಾರಿನ ಮುಂದಿನ ಡಬಲ್ ವಿಶ್‌ಬೋನ್‌ನಲ್ಲಿ, ಅಂದರೆ ಮೇಲೊಂದು ಕೆಳಗೊಂದು ತೋಳಿರುವ ಸಸ್ಪೆನ್ಷನ್ನಿನಲ್ಲಿ, ಈ ರೇಶಿಯೊ 0.7ರ ಆಸುಪಾಸಿನಲ್ಲಿರುತ್ತದೆ. ನಮ್ಮ ಸ್ವಿಫ್ಟ್‌ನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದೇ ಕಂಬ. ಅಲ್ಲಿ ಸ್ಪ್ರಿಂಗ್ ಚಕ್ರದ ಜೊತೆಗೇ ಏರಿಳಿಯುವುದರಿಂದ ರೇಶಿಯೊ 1ರ ಹತ್ತಿರಕ್ಕೆ ಬರುತ್ತದೆ, ಸುಮಾರು 0.95 ಎನ್ನಿ. ಹಾಗಾಗಿ ಎಂಎಕ್ಸ್-5 ಓಡಿಸುವವರು ಇಷ್ಟು ಹಾಕಿದ್ದಾರೆ ಎಂದು ನಾವೂ ಸುಮ್ನೆ ಅಷ್ಟೇ ಹಾಕಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಹಾಗಾದರೆ ಹೋಲಿಸುವುದು ಹೇಗೆ? ಫ್ರೀಕ್ವೆನ್ಸಿ ನೋಡಬೇಕು. ಶಾಕ್ ಅಬ್ಸಾರ್ಬರ್ ಇಲ್ಲದೆ ಬರೀ ಸ್ಪ್ರಿಂಗ್ ಮೇಲೆ ಕಾರು ನಿಂತಿದೆ ಎಂದುಕೊಳ್ಳಿ. ಒತ್ತಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ? ಆ ಲೆಕ್ಕವೇ ಫ್ರೀಕ್ವೆನ್ಸಿ, ಸೆಕೆಂಡಿಗೆ ಒಂದು ಸಲ ಎಂದರೆ 1 ಹರ್ಟ್ಸ್. ಇದರಲ್ಲಿ ಕಾರಿನ ತೂಕವೂ ಸೇರಿರುವುದರಿಂದ ಹಗುರ ಕಾರು, ಭಾರದ ಕಾರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು. ಮನೆ ಮಂದಿ ಓಡಾಡುವ ಕಾರುಗಳು 1ರಿಂದ 1.5 ಹರ್ಟ್ಸ್‌ನಲ್ಲಿರುತ್ತವೆ. ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು ಎನ್ನುವವರಿಗೆ 2ರ ಹತ್ತಿರ ಸರಿ. ರೆಕ್ಕೆ ಇಲ್ಲದ ರೇಸ್ ಕಾರು 2ರಿಂದ 2.5. ಗಾಳಿಯ ಒತ್ತಡದಿಂದ ನೆಲಕ್ಕೆ ಅಂಟಿಕೊಳ್ಳುವ ರೇಸ್ ಕಾರುಗಳು 3 ದಾಟಿ ಹೋಗುತ್ತವೆ.

ಒಂದು ಲೆಕ್ಕ ಮಾಡಿಯೇ ಬಿಡೋಣ. ಮುಂದಿನ ಒಂದು ಮೂಲೆಯ ಸ್ಪ್ರಿಂಗ್ ಹೊರುವ ಭಾರ 250 ಕೆಜಿ, ಗುರಿ 2 ಹರ್ಟ್ಸ್. 2ನ್ನು 6.28ರಿಂದ (ಪೈನ ಎರಡರಷ್ಟು) ಗುಣಿಸಿ, ಬಂದದ್ದನ್ನು ಅದರಿಂದಲೇ ಇನ್ನೊಮ್ಮೆ ಗುಣಿಸಿ, ಆಮೇಲೆ 250ರಿಂದ ಗುಣಿಸಿ. ಮೀಟರಿಗೆ ಸುಮಾರು 39,500 ನ್ಯೂಟನ್ ಬರುತ್ತದೆ. ಅಂದರೆ ಚಕ್ರಕ್ಕೆ ಬೇಕಾದದ್ದು ಮಿಲಿಮೀಟರಿಗೆ 4 ಕೆಜಿ. ಇದನ್ನು 0.49ರಿಂದ ಭಾಗಿಸಿದರೆ ವಿಶ್‌ಬೋನ್ ಕಾರಿಗೆ 8 ಕೆಜಿ ಸ್ಪ್ರಿಂಗ್ ಬೇಕು. ಸ್ಟ್ರಟ್ ಕಾರಿಗೆ 4.5 ಸಾಕು. ಸ್ಟ್ರಟ್ ಕಾರಿಗೂ 8 ಹಾಕಿದಿರೋ, ಅದು 2.7 ಹರ್ಟ್ಸ್‌ಗೆ ಏರಿಬಿಡುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ದಿನಾ ಅದರಲ್ಲಿ ಓಡಾಡುವುದು ಸೊಂಟಕ್ಕೆ ಶಿಕ್ಷೆ.

ಈ ಫ್ರೀಕ್ವೆನ್ಸಿಯ ಯೋಚನೆ ಹಳೆಯದು. 1930ರ ದಶಕದಲ್ಲಿ ಕ್ಯಾಡಿಲಾಕ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಓಲಿ, ಕಾರಿನ ಹಿಂದೆ ಮುಂದೆ ತೂಕಗಳನ್ನು ಸರಿಸಾಡಿಸುತ್ತಾ ಪ್ರಯೋಗ ಮಾಡಿದರು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ, ಹಿಂದಿನದಕ್ಕೆ ಸ್ವಲ್ಪ ತಡವಾಗಿ. ಹಿಂಭಾಗ ತುಸು ಬೇಗ ಆಡುವಂತಿದ್ದರೆ ಅದು ಮುಂಭಾಗವನ್ನು ಹಿಡಿದುಬಿಡುತ್ತದೆ. ಆಗ ಕಾರು ತಲೆದೂಗುವುದು ಕಡಿಮೆಯಾಗುತ್ತದೆ. ರಸ್ತೆ ಕಾರುಗಳಲ್ಲಿ ಇಂದಿಗೂ ಇದೇ ದಾರಿ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಗ್ರಿಪ್ ಜಾಸ್ತಿ ಎನ್ನುವ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಉಬ್ಬುತಗ್ಗಿನ ಮೇಲೆ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದು ಮೆತ್ತನೆ ಸ್ಪ್ರಿಂಗೇ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ಓಡುವ ರ್ಯಾಲಿ ಕಾರುಗಳ ಚಕ್ರ ಎಷ್ಟು ಉದ್ದಕ್ಕೆ ಏರಿಳಿಯುತ್ತದೆ, ಗಮನಿಸಿ ನೋಡಿ. ಗಟ್ಟಿ ಸ್ಪ್ರಿಂಗಿನ ಲಾಭ ಬೇರೆ. ತಿರುವಿನಲ್ಲಿ ಕಾರು ಹೆಚ್ಚು ವಾಲುವುದಿಲ್ಲ, ಟೈರು ನೆಲಕ್ಕೆ ನೇರವಾಗಿ ನಿಲ್ಲುತ್ತದೆ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ಓಗೊಡುತ್ತದೆ. 1980ರ ಆಸುಪಾಸಿನ ಫಾರ್ಮುಲಾ 1 ಕಾರುಗಳಲ್ಲಿ ತಳದ ಗಾಳಿಯೇ ಕಾರನ್ನು ನೆಲಕ್ಕೆ ಎಳೆಯುತ್ತಿತ್ತು. ಕಾರಿನ ಎತ್ತರ ಒಂಚೂರೂ ಬದಲಾಗಬಾರದು ಎಂದು ಸ್ಪ್ರಿಂಗನ್ನು ಕಲ್ಲಿನಷ್ಟು ಗಟ್ಟಿ ಮಾಡಿದ್ದರು. ಹೊಡೆತವೆಲ್ಲ ಚಾಲಕರ ಬೆನ್ನಿಗೆ ಬೀಳುತ್ತಿತ್ತು. ರಸ್ತೆ ಕಾರಿಗೆ ಅಂಥ ಗಾಳಿಯ ಎಳೆತವೇ ಇಲ್ಲ, ಆ ಬಿಗಿಯೂ ಬೇಡ.

ತಿರುವಿನಲ್ಲಿ ಹೊರಗಿನ ಟೈರುಗಳಿಗೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎನ್ನುವುದನ್ನು ನಿರ್ಧರಿಸುವುದು ಕಾರಿನ ತೂಕ, ಎತ್ತರ, ಅಗಲ ಮತ್ತು ತಿರುವಿನ ವೇಗ. ಸ್ಪ್ರಿಂಗಿಗೆ ಅದರಲ್ಲಿ ಹೆಚ್ಚು ಮಾತಿಲ್ಲ. ಆ ಭಾರವನ್ನು ಮುಂದೆ ಹಿಂದೆ ಹಂಚುವುದರಲ್ಲಿ ಮಾತ್ರ ಸ್ಪ್ರಿಂಗಿನ ಮಾತು ನಡೆಯುತ್ತದೆ. ಭಾರ ಎರಡರಷ್ಟಾದರೂ ಟೈರಿನ ಹಿಡಿತ ಎರಡರಷ್ಟಾಗುವುದಿಲ್ಲ. ಅದಕ್ಕೇ ಮುಂಭಾಗ ತೀರಾ ಗಟ್ಟಿಯಾದರೆ ಮುಂದಿನ ಹೊರ ಟೈರು ಸೋಲುತ್ತದೆ, ಕಾರು ತಿರುಗದೆ ಹೊರಗೆ ಜಾರುತ್ತದೆ. ಮುಂದಿನ ಚಕ್ರ ಎಳೆಯುವ ನಮ್ಮ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂಭಾಗವನ್ನು ಹಂತಹಂತವಾಗಿ ಬಿಗಿ ಮಾಡುವುದು ಈ ಕಾರಣಕ್ಕೆ.

ಶಾಕ್ ಅಬ್ಸಾರ್ಬರ್ ಮರೆಯಬೇಡಿ. ಸ್ಪ್ರಿಂಗ್ ಎರಡರಷ್ಟು ಗಟ್ಟಿಯಾದರೆ ಅದನ್ನು ತಡೆಯುವ ಶಕ್ತಿ 1.4ರಷ್ಟಾದರೂ ಬೇಕು. ಕಂಪನಿಯ ಹಳೇ ಶಾಕ್ ಉಳಿಸಿಕೊಂಡರೆ ಕಾರು ಕುಣಿಯುತ್ತದೆ.

ಲೆಕ್ಕ ಸರಿ ಇದೆಯೇ ಎಂದು ನೋಡಲು ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸಾಕು. ಶಾಕ್‌ನ ಹೊಳೆಯುವ ಕಂಬಿಗೆ ಕಟ್ಟಿ, ಕೆಳಗೆ ಸರಿಸಿ ಇಡಿ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆದು ಬನ್ನಿ. ಸಸ್ಪೆನ್ಷನ್ ಎಲ್ಲಿವರೆಗೆ ಕುಗ್ಗಿತ್ತೋ ಟೈ ಅಲ್ಲಿಗೆ ಸರಿದು ನಿಂತಿರುತ್ತದೆ. ಸಸ್ಪೆನ್ಷನ್ ಪೂರ್ತಿ ಕುಗ್ಗದಂತೆ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಟೈ ಒತ್ತಿಕೊಂಡಿದ್ದರೆ ತಿರುವಿನಲ್ಲಿ ಕಾರನ್ನು ಹೊತ್ತಿದ್ದು ಆ ರಬ್ಬರು, ಕಾರು ತೀರಾ ಕೆಳಗಿದೆ ಅಥವಾ ಸ್ಪ್ರಿಂಗ್ ಸಾಲದು. ಅರ್ಧ ಜಾಗ ಹಾಗೇ ಉಳಿದಿದ್ದರೆ ಸ್ಪ್ರಿಂಗ್ ರೇಟನ್ನು ಒಂದು ಕೆಜಿ ಇಳಿಸಿ, ಮತ್ತೆ ನಾಲ್ಕು ಸುತ್ತು ಹೋಗಿ ಬನ್ನಿ.