ನಾಸ್ಕಾರ್‌ನಲ್ಲಿ ಪ್ರೆಸಿಡೆಂಟ್ ಬದಲಾದರೆ ಅಧಿಕಾರವೂ ಬದಲಾಗುತ್ತದೆಯೇ?

ಓದುಗರ ಪ್ರಶ್ನೆ: ಅಮೆರಿಕದ ಸ್ಟಾಕ್ ಕಾರ್ (ರಸ್ತೆ ಕಾರುಗಳನ್ನು ಹೋಲುವ ರೇಸ್ ಕಾರು) ರೇಸ್ ಸಂಸ್ಥೆ ನಾಸ್ಕಾರ್‌ಗೆ ಕೆಲವು ವರ್ಷಗಳಿಗೊಮ್ಮೆ ಹೊಸ ಪ್ರೆಸಿಡೆಂಟ್ ಬರುತ್ತಾರೆ. ಆದರೂ ಅದು ಫ್ರಾನ್ಸ್ ಕುಟುಂಬದ ಹಿಡಿತದಲ್ಲೇ ಇದೆ ಎನ್ನುತ್ತಾರೆ. ಹಾಗಿದ್ದರೆ ಈ ನೇಮಕಗಳಿಗೆ ಅರ್ಥವಿದೆಯೇ?

ಉತ್ತರ: ಅರ್ಥವಿದೆ. ಆದರೆ ಬದಲಾದದ್ದು ಯಾವ ಕುರ್ಚಿ ಎಂಬುದನ್ನು ಮೊದಲು ನೋಡಬೇಕು. ನಮ್ಮ ಕ್ರಿಕೆಟ್ ಮಂಡಳಿಯಲ್ಲಿ ರಾಜ್ಯ ಸಂಸ್ಥೆಗಳು ಮತ ಹಾಕಿ ಪದಾಧಿಕಾರಿಗಳನ್ನು ಆರಿಸುತ್ತವೆ. ನಾಸ್ಕಾರ್‌ನಲ್ಲಿ ಅಂಥ ಚುನಾವಣೆಯೇ ಇಲ್ಲ, ಏಕೆಂದರೆ ಅದು ಒಂದು ಕುಟುಂಬದ ಒಡೆತನದ ಖಾಸಗಿ ಕಂಪನಿ. ಪ್ರೆಸಿಡೆಂಟ್ ದಿನನಿತ್ಯದ ಆಡಳಿತ ನಡೆಸುತ್ತಾರೆ, ಕೊನೆಯ ಮಾತು ಛೇರ್ಮನ್ನರದು.

ಬಿಲ್ ಫ್ರಾನ್ಸ್ ಸೀನಿಯರ್ 1947ರ ಡಿಸೆಂಬರ್‌ನಲ್ಲಿ ಡೇಟೋನಾ ಬೀಚ್‌ನ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ರೇಸ್ ಸಂಘಟಕರನ್ನೂ ಚಾಲಕರನ್ನೂ ಒಟ್ಟುಗೂಡಿಸಿ ಸಂಸ್ಥೆಗೆ ರೂಪ ಕೊಟ್ಟರು. ಮರುವರ್ಷದ ಫೆಬ್ರವರಿಯಲ್ಲಿ ಅದು ಕಂಪನಿಯಾಗಿ ನೋಂದಣಿಯಾಯಿತು. 1972ರಲ್ಲಿ ಮಗ ಬಿಲ್ ಜೂನಿಯರ್ ಅಧಿಕಾರ ವಹಿಸಿಕೊಂಡರು. 2000ದಲ್ಲಿ ಮೈಕ್ ಹೆಲ್ಟನ್ ಪ್ರೆಸಿಡೆಂಟ್ ಆದಾಗ ಕುಟುಂಬದ ಹೊರಗಿನವರೊಬ್ಬರು ಆ ಹುದ್ದೆಗೇರಿದ್ದು ಅದೇ ಮೊದಲು ಎಂದು ದೊಡ್ಡ ಸುದ್ದಿಯಾಯಿತು. ಆದರೆ ಛೇರ್ಮನ್ ಸ್ಥಾನ ಬಿಲ್ ಜೂನಿಯರ್ ಅವರಲ್ಲೇ ಉಳಿದು, 2003ರಲ್ಲಿ ಅವರ ಮಗ ಬ್ರಯಾನ್ ಫ್ರಾನ್ಸ್ ಅವರಿಗೆ ಹೋಯಿತು.

ಈ ಕುರ್ಚಿ ಕೈಬದಲಾದಾಗಲೇ ಕ್ರೀಡೆಯ ಸ್ವರೂಪ ಬದಲಾಗಿದೆ. ಅದುವರೆಗೆ ಇಡೀ ವರ್ಷದ ಅಂಕಗಳನ್ನು ಕೂಡಿ ಚಾಂಪಿಯನ್ನರನ್ನು ನಿರ್ಧರಿಸುತ್ತಿದ್ದ ಪದ್ಧತಿಯನ್ನು ಬ್ರಯಾನ್ 2004ರಲ್ಲಿ ಬಿಟ್ಟು, ಕೊನೆಯ ಹತ್ತು ರೇಸ್‌ಗಳನ್ನು ಪ್ರತ್ಯೇಕ ಸ್ಪರ್ಧೆಯಾಗಿಸುವ ‘ಚೇಸ್’ ತಂದರು. ಹಳೆಯ ಅಭಿಮಾನಿಗಳಲ್ಲಿ ಹಲವರು ಅದನ್ನು ಇಂದಿಗೂ ಒಪ್ಪಿಲ್ಲ. 2018ರ ಆಗಸ್ಟ್‌ನಲ್ಲಿ ಕುಡಿದು ವಾಹನ ಚಲಾಯಿಸಿದ ಆರೋಪದ ಮೇಲೆ ನ್ಯೂಯಾರ್ಕ್ ರಾಜ್ಯದ ಸ್ಯಾಗ್ ಹಾರ್ಬರ್‌ನಲ್ಲಿ ಬ್ರಯಾನ್ ಬಂಧಿತರಾದರು. ಮರುದಿನವೇ ಅವರು ರಜೆಯ ಮೇಲೆ ಹೋಗಿ, ಚಿಕ್ಕಪ್ಪ ಜಿಮ್ ಫ್ರಾನ್ಸ್ ಮಧ್ಯಂತರ ಛೇರ್ಮನ್ ಆದರು. ಮುಂದೆ ಆ ಹುದ್ದೆ ಅವರಿಗೇ ಕಾಯಂ ಆಯಿತು. ಅದೇ ಅಕ್ಟೋಬರ್‌ನಲ್ಲಿ ಸ್ಟೀವ್ ಫೆಲ್ಪ್ಸ್ ಪ್ರೆಸಿಡೆಂಟ್ ಆದರು. ಕೋವಿಡ್ ಬಿಡುವಿನ ನಂತರ 2020ರ ಮೇ ತಿಂಗಳಲ್ಲಿ ಡಾರ್ಲಿಂಗ್ಟನ್‌ನಲ್ಲಿ ಪ್ರೇಕ್ಷಕರಿಲ್ಲದೆ ರೇಸ್ ಮರಳಿ ಆರಂಭವಾದದ್ದು, ಜೂನ್‌ನಲ್ಲಿ ಟ್ರ್ಯಾಕ್‌ಗಳಲ್ಲಿ ಕಾನ್ಫೆಡರೇಟ್ ಬಾವುಟವನ್ನು (ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ ಬಾವುಟ) ನಿಷೇಧಿಸಿದ್ದು ಇವರಿಬ್ಬರ ಕಾಲದಲ್ಲಿ. ಜಿಮ್ ಪ್ರಚಾರದಿಂದ ದೂರ ಉಳಿಯುವವರಾದ್ದರಿಂದ ಸಂಸ್ಥೆಯ ಪರವಾಗಿ ಮಾತನಾಡುತ್ತಿದ್ದುದು ಫೆಲ್ಪ್ಸ್.

ಮಾತನಾಡುವವರು ಮತ್ತು ನಿರ್ಧರಿಸುವವರ ನಡುವಿನ ಈ ಅಂತರ ನಿಚ್ಚಳವಾಗಿ ಕಂಡದ್ದು ಚಾರ್ಟರ್ ವಿವಾದದಲ್ಲಿ. ನಾಸ್ಕಾರ್‌ನ ಅತ್ಯುನ್ನತ ಸರಣಿಯಾದ ಕಪ್‌ನ ಪ್ರತಿ ರೇಸ್‌ನಲ್ಲೂ ಒಂದು ಕಾರಿಗೆ ಸ್ಥಾನವನ್ನೂ ಆದಾಯದ ಪಾಲನ್ನೂ ಖಾತ್ರಿಪಡಿಸುವ ಪರವಾನಗಿಯೇ ಚಾರ್ಟರ್. ಅಂಥವು ಒಟ್ಟು 36 ಇವೆ. ಅವು ಅವಧಿ ಮುಗಿದೊಡನೆ ರದ್ದಾಗದೆ ಶಾಶ್ವತವಾಗಿರಬೇಕು ಎಂದು ತಂಡಗಳು ಕೇಳುತ್ತಿದ್ದವು. ಜೋ ಗಿಬ್ಸ್, ರಿಕ್ ಹೆಂಡ್ರಿಕ್, ರೋಜರ್ ಪೆನ್‌ಸ್ಕಿ ಅವರಂಥ ಹಿರಿಯ ಮಾಲೀಕರು 2024ರಲ್ಲಿ ಈ ಬಗ್ಗೆ ನೇರವಾಗಿ ಜಿಮ್ ಫ್ರಾನ್ಸ್ ಅವರಿಗೇ ಪತ್ರ ಬರೆದರು. ದಶಕಗಳಿಂದ ಈ ಕ್ರೀಡೆಗೆ ಹಣ ಸುರಿದವರು ಪ್ರೆಸಿಡೆಂಟರನ್ನು ದಾಟಿ ಛೇರ್ಮನ್ನರ ಬಾಗಿಲು ತಟ್ಟಿದ್ದು, ಅಧಿಕಾರ ಎಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದುದರಿಂದಲೇ. ಜಿಮ್ ಒಪ್ಪಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಅಂತಿಮ ಕರಾರನ್ನು ಕಳುಹಿಸಿ, ಅದೇ ರಾತ್ರಿಯೊಳಗೆ ಸಹಿ ಹಾಕುವಂತೆ ತಂಡಗಳಿಗೆ ಹೇಳಲಾಯಿತು. 15 ತಂಡಗಳ ಪೈಕಿ 13 ಸಹಿ ಹಾಕಿದವು. ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಸಹಮಾಲೀಕರಾಗಿರುವ 23ಎಕ್ಸ್‌ಐ ಮತ್ತು ಫ್ರಂಟ್ ರೋ ಮಾತ್ರ ನಿರಾಕರಿಸಿ, ಏಕಸ್ವಾಮ್ಯದ ಆರೋಪ ಹೊರಿಸಿ ನ್ಯಾಯಾಲಯಕ್ಕೆ ಹೋದವು.

ಮೊಕದ್ದಮೆಯ ನಡುವೆಯೇ, 2025ರ ಮಾರ್ಚ್‌ನಲ್ಲಿ, ಫೆಲ್ಪ್ಸ್ ಅವರನ್ನು ಸಂಸ್ಥೆಯ ಮೊದಲ ಕಮಿಷನರ್ ಆಗಿಯೂ ಸ್ಟೀವ್ ಓ’ಡಾನೆಲ್ ಅವರನ್ನು ಪ್ರೆಸಿಡೆಂಟ್ ಆಗಿಯೂ ನೇಮಿಸಲಾಯಿತು. ಡಿಸೆಂಬರ್‌ನಲ್ಲಿ ಷಾರ್ಲಟ್‌ನಲ್ಲಿ ವಿಚಾರಣೆ ನಡೆದಾಗ ಜಿಮ್ ಫ್ರಾನ್ಸ್ ಸ್ವತಃ ಸಾಕ್ಷಿ ಕಟ್ಟೆ ಏರಬೇಕಾಯಿತು. ಹಿರಿಯ ತಂಡಮಾಲೀಕ ರಿಚರ್ಡ್ ಚಿಲ್ಡ್ರೆಸ್ ಅವರ ಬಗ್ಗೆ ಫೆಲ್ಪ್ಸ್ ಅವಹೇಳನಕಾರಿಯಾಗಿ ಬರೆದಿದ್ದ ಮೊಬೈಲ್ ಸಂದೇಶಗಳೂ ಈ ಮೊಕದ್ದಮೆಯಿಂದ ಬಯಲಾದವು. ಡಿಸೆಂಬರ್ 11ರಂದು ರಾಜಿಯಾಗಿ ಚಾರ್ಟರ್‌ಗಳು ಶಾಶ್ವತಗೊಂಡವು. ಮುಂದಿನ ತಿಂಗಳು ಫೆಲ್ಪ್ಸ್ ಹುದ್ದೆ ತೊರೆಯುವ ಸುದ್ದಿ ಬಂತು.

ನನ್ನ ದೃಷ್ಟಿಯಲ್ಲಿ ಇಲ್ಲಿ ದೊಡ್ಡ ಬದಲಾವಣೆ ಫೆಲ್ಪ್ಸ್ ಅವರ ನಿರ್ಗಮನವಲ್ಲ, ಆ ರಾಜಿ. ಮಾಲೀಕರ ಪತ್ರಗಳಿಗೆ ಮಣಿಯದಿದ್ದ ಕುಟುಂಬ ನ್ಯಾಯಾಲಯದಲ್ಲಿ ಮಣಿಯಿತು, ತಂಡಗಳ ಕೈಗೆ ಯಾರೂ ಕಿತ್ತುಕೊಳ್ಳಲಾಗದ ಆಸ್ತಿಯೊಂದು ಬಂತು. ಇನ್ನು ಕುಟುಂಬದ ಮುಂದಿನ ಪೀಳಿಗೆಯ ಬಗ್ಗೆ ಕೇಳುವುದಾದರೆ, ಬ್ರಯಾನ್ ಅವರ ಅಕ್ಕ ಲೀಸಾ ಫ್ರಾನ್ಸ್ ಕೆನಡಿ ಅವರ ಮಗ ಬೆನ್ ಕೆನಡಿ ಆಗಲೇ ಆಡಳಿತದ ಮೇಲ್ಹಂತದಲ್ಲಿದ್ದಾರೆ. ನಾಸ್ಕಾರ್‌ನ ಪಿಕಪ್ ಟ್ರಕ್ ರೇಸ್‌ಗಳಲ್ಲಿ ಸ್ವತಃ ಸ್ಪರ್ಧಿಸಿದ್ದ ಅವರೇ 2023ರಲ್ಲಿ ಷಿಕಾಗೋ ನಗರದ ಬೀದಿಗಳಿಗೆ ಕಪ್ ರೇಸ್ ತಂದವರಲ್ಲಿ ಪ್ರಮುಖರು.