ಬೈಪೋಲಾರ್ ಇದೆ ಎಂದು ಮನೆಯವರಿಗೆ ಹೇಳಬೇಕೇ?

ಪ್ರಶ್ನೆ: ನನಗೆ ಬೈಪೋಲಾರ್ ಕಾಯಿಲೆ ಇದೆ ಎಂದು ಮನೋವೈದ್ಯರು ತಿಳಿಸಿ ಕೆಲವು ತಿಂಗಳಾದವು. ಮನಸ್ಸಿನ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಸುಧಾರಿಸಿದ್ದೇನೆ. ಆದರೆ ಮನೆಯವರಿಗೆ ಇದು ನಿದ್ರೆಯ ಮಾತ್ರೆ ಎಂದೇ ಹೇಳಿದ್ದೇನೆ. ನಿಜ ಹೇಳಿದರೆ ಅವರು ನನ್ನನ್ನು ನೋಡುವ ರೀತಿಯೇ ಬದಲಾಗಬಹುದೆಂಬ ಭಯವಿದೆ. ಯಾರಿಗೆ, ಎಷ್ಟು ಹೇಳಬೇಕು?

ಉತ್ತರ: ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾದ ಹೊಣೆ ನಿಮ್ಮ ಮೇಲಿಲ್ಲ. ದೂರದ ನೆಂಟರಿಗೆ, ಸಹೋದ್ಯೋಗಿಗಳಿಗೆ ತಿಳಿಸದಿದ್ದರೆ ಅದು ಸುಳ್ಳಾಗುವುದಿಲ್ಲ. ಆದರೆ ನಿಮ್ಮೊಂದಿಗೆ ಒಂದೇ ಸೂರಿನಡಿ ಇರುವವರಲ್ಲಿ ಕನಿಷ್ಠ ಒಬ್ಬರಿಗೆ ಹೇಳಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಿಮ್ಮನ್ನು ಕಾಡುತ್ತಿರುವ ಪಾಪಪ್ರಜ್ಞೆಗಿಂತ ಈ ಕಾಯಿಲೆಯ ಸ್ವಭಾವವೇ ಅದಕ್ಕೆ ದೊಡ್ಡ ಕಾರಣ.

ಬೈಪೋಲಾರ್‌ನಲ್ಲಿ ಮನಸ್ಸು ಕೆಲವು ಕಾಲ ವಿಪರೀತ ಏರುತ್ತದೆ (ಉನ್ಮಾದ), ಕೆಲವು ಕಾಲ ಪೂರ್ತಿ ಕುಸಿಯುತ್ತದೆ (ಖಿನ್ನತೆ). ಉನ್ಮಾದದ ಹಂತ ಆರಂಭವಾಗುವಾಗ ಅದು ಕಾಯಿಲೆಯೆಂದು ಅನ್ನಿಸುವುದೇ ಇಲ್ಲ. ರಾತ್ರಿ ಮೂರೇ ಗಂಟೆ ಕಾಲ ಮಲಗಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಒಂದರ ಮೇಲೊಂದು ಯೋಜನೆ ಹೊಳೆಯುತ್ತದೆ, ಹಣ ನೀರಿನಂತೆ ಹರಿದುಹೋಗುತ್ತದೆ; ಬಹುಕಾಲದ ಮೇಲೆ ತಾನು ಪೂರ್ತಿ ಗುಣವಾದೆನೆಂದೇ ರೋಗಿಗೆ ತೋರುತ್ತದೆ. ಈ ಬದಲಾವಣೆಯನ್ನು ಅನುಭವಿಸುತ್ತಿರುವವರಿಗಿಂತ ಮೊದಲು ಗುರುತಿಸುವವರು ಪಕ್ಕದಲ್ಲಿರುವವರು. ಅವರಿಗೆ ವಿಷಯವೇ ಗೊತ್ತಿಲ್ಲದಿದ್ದರೆ, ನಡುರಾತ್ರಿ ಎರಡು ಗಂಟೆಗೆ ನೀವು ಬೀರುವಿನ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ ಜೋಡಿಸುತ್ತಿರುವುದನ್ನು ಕಂಡರೂ ಉತ್ಸಾಹವೆಂದುಕೊಂಡು ಮಲಗಿಬಿಡುತ್ತಾರೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತುರ್ತಿದೆ. ಲಿಥಿಯಂ ರಕ್ತದಲ್ಲಿ ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಆದ್ದರಿಂದಲೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ವಾಂತಿ, ಭೇದಿಯಿಂದ ದೇಹದ ನೀರು ಕಡಿಮೆಯಾದಾಗಲೂ, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದಾಗಲೂ ಈ ಪ್ರಮಾಣ ಏರಬಹುದು. ನೀವು ತೆಗೆದುಕೊಳ್ಳುವುದು ನಿದ್ರೆಯ ಮಾತ್ರೆಯೆಂದು ನಂಬಿದವರು ತಲೆನೋವು ಎಂದಾಕ್ಷಣ ಪ್ರೀತಿಯಿಂದಲೇ ಅಂಥದೊಂದು ಮಾತ್ರೆಯನ್ನು ಕೈಗಿಡುತ್ತಾರೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದೂ ಅವರಿಗೆ ಹೊಳೆಯುವುದಿಲ್ಲ.

ಹೇಳುವಾಗ ಕಾಯಿಲೆಯ ಹೆಸರನ್ನಷ್ಟೇ ಮುಂದಿಟ್ಟು ಸುಮ್ಮನಾಗಬೇಡಿ, ಏಕೆಂದರೆ ಕೇಳಿದವರು ಆ ಖಾಲಿ ಜಾಗವನ್ನು ತಮಗಿರುವ ಭಯದಿಂದ ತುಂಬಿಕೊಳ್ಳುತ್ತಾರೆ. ಜಗಳದ ಮಧ್ಯೆ ಬೇಡ, ಮನಸ್ಸು ಕುಸಿದಿರುವಾಗಲೂ ಬೇಡ. ನೀವು ಸಮಾಧಾನವಾಗಿರುವ ಒಂದು ದಿನ ನಂಬಿಕಸ್ತರಾದ ಒಬ್ಬರನ್ನು ಕೂರಿಸಿಕೊಂಡು ಹೇಳಿ. ಅಕ್ಕನ ಜೊತೆ ಹೀಗೆ ಮಾತಾಡಬಹುದು: “ಅಕ್ಕಾ, ನಿದ್ರೆಯ ಮಾತ್ರೆ ಅಂದಿದ್ದೆನಲ್ಲ, ಅದು ನಿಜವಲ್ಲ. ಆಗ ಹೇಳುವ ಧೈರ್ಯ ಬರಲಿಲ್ಲ. ನನಗೆ ಬೈಪೋಲಾರ್ ಇದೆಯಂತೆ. ಕೆಲವು ಸಲ ಮನಸ್ಸು ವಿಪರೀತ ಏರುತ್ತದೆ, ಕೆಲವು ಸಲ ಪೂರ್ತಿ ಕುಸಿಯುತ್ತದೆ. ಔಷಧದಿಂದ ಹತೋಟಿಯಲ್ಲಿದೆ. ಎರಡು ರಾತ್ರಿ ನಾನು ಸರಿಯಾಗಿ ಮಲಗದಿದ್ದರೆ ನನಗೆ ಹೇಳು. ನಾನು ಒಪ್ಪದಿದ್ದರೆ ಡಾಕ್ಟರಿಗೆ ಫೋನ್ ಮಾಡು.” ಕೊನೆಯ ಎರಡು ಮಾತುಗಳೇ ಮುಖ್ಯ: ಗಾಬರಿಯಾದವರ ಕೈಗೆ ಅವು ಮಾಡಬಹುದಾದ ಒಂದು ಕೆಲಸವನ್ನು ಕೊಡುತ್ತವೆ.

ಕೇಳಿದವರು ತಕ್ಷಣ ಅರ್ಥಮಾಡಿಕೊಳ್ಳುತ್ತಾರೆಂದು ನಿರೀಕ್ಷಿಸಬೇಡಿ. ಕೆಲವರು ಅಳುತ್ತಾರೆ, ಕೆಲವರು ವೈದ್ಯರೇ ತಪ್ಪು ತಿಳಿದಿದ್ದಾರೆ ಎನ್ನುತ್ತಾರೆ, ಇನ್ನು ಕೆಲವರು ಇದು ಯಾರ ಕಡೆಯಿಂದ ಬಂತೆಂದು ಹುಡುಕತೊಡಗುತ್ತಾರೆ. 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ವಂಶವಾಹಿಯ ಪಾತ್ರ ಇದರಲ್ಲಿದೆ, ಆದರೂ ಬೈಪೋಲಾರ್ ಇರುವವರ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ. ಈ ಎರಡು ಸಂಗತಿಗಳನ್ನು ಮೊದಲೇ ತಿಳಿದಿಟ್ಟುಕೊಂಡರೆ ಆ ಹೊತ್ತಿನಲ್ಲಿ ತಡವರಿಸಬೇಕಾಗುವುದಿಲ್ಲ.

ಅವರು ನೋಡುವ ರೀತಿ ಬದಲಾಗಬಹುದೆಂಬ ನಿಮ್ಮ ಭಯ ಸುಳ್ಳೇನಲ್ಲ. ಆಸ್ಪತ್ರೆಯಿಂದ ಮನೆಗೆ ಮರಳಿದ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳಿರುವ ಮನೋರೋಗ) ರೋಗಿಗಳನ್ನು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಅಧ್ಯಯನ ಮಾಡಿದಾಗ, ಸದಾ ಟೀಕೆ, ಹಗೆತನ ಅಥವಾ ಅತಿಯಾದ ಕಾಳಜಿ ಇದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಕಂಡುಬಂತು. ಮುಂದೆ ಬೈಪೋಲಾರ್ ಮತ್ತು ಖಿನ್ನತೆಯಲ್ಲೂ ಇಂಥ ಸಂಬಂಧ ಕಾಣಿಸಿತು. ಅತಿಯಾದ ಕಾಳಜಿಯೂ ಆ ಪಟ್ಟಿಯಲ್ಲಿರುವುದನ್ನು ಮನೆಯವರು ಗಮನಿಸಬೇಕು. ನೀವು ಜೋರಾಗಿ ನಕ್ಕಾಗಲೆಲ್ಲ “ಮಾತ್ರೆ ತಗೊಂಡೆಯಾ?” ಎಂದು ಕೇಳುವ ಮನೆಯಲ್ಲಿ ಸಹಜವಾಗಿ ಸಂತೋಷಪಡುವುದೂ ಕಷ್ಟವಾಗುತ್ತದೆ. ಹಾಗಾಗಿ ಯಾವ ಲಕ್ಷಣ ಕಂಡರೆ ಎಚ್ಚರಿಸಬೇಕು, ಯಾವುದನ್ನು ನಿಮ್ಮ ಪಾಡಿಗೆ ಬಿಡಬೇಕು ಎಂಬುದನ್ನು ಇಬ್ಬರೂ ಸೇರಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮದುವೆಯ ಮಾತು ನಡೆದಿದ್ದರೆ, ಬಾಳಸಂಗಾತಿಯಾಗುವವರಿಗೆ ಮದುವೆಗೆ ಮೊದಲೇ ತಿಳಿಸುವುದು ನ್ಯಾಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಇದೊಂದು ಕಾಯಿಲೆ, ಇದು ಅವರಿಂದ ಬಂದದ್ದಲ್ಲ, ಚಿಕಿತ್ಸೆ ನಡೆಯುತ್ತಿದೆ ಎಂದಿಷ್ಟು ಹೇಳಿದರೆ ಸಾಕು.

ಒಳ್ಳೆಯ ದಿನಕ್ಕಾಗಿ ಕಾಯಿರಿ ಎಂದು ಮೇಲೆ ಹೇಳಿದ ಮಾತು ಸಾಯುವ ಆಲೋಚನೆಗಳಿಗೆ ಅನ್ವಯಿಸುವುದಿಲ್ಲ. ಅವು ಬಂದ ಗಳಿಗೆಯಲ್ಲಿಯೇ, ಅದು ಎಂಥ ಹೊತ್ತಾಗಿದ್ದರೂ, ಹತ್ತಿರ ಇರುವವರಿಗೆ ಮತ್ತು ವೈದ್ಯರಿಗೆ ತಿಳಿಸಿ.

ಒಬ್ಬರೇ ಹೇಳುವುದು ಕಷ್ಟವೆನಿಸಿದರೆ, ಮುಂದಿನ ಭೇಟಿಗೆ ಮನೆಯವರೊಬ್ಬರನ್ನು ಕರೆತರುತ್ತೇನೆಂದು ಮನೋವೈದ್ಯರಿಗೆ ಮೊದಲೇ ಹೇಳಿಡಿ, ಯಾವ ವಿಷಯ ಮಾತಾಡಬಹುದು, ಯಾವುದು ಬೇಡ ಎಂಬುದನ್ನೂ ಅವರೊಂದಿಗೆ ನಿರ್ಧರಿಸಿಕೊಳ್ಳಿ. ಮಾತ್ರೆ ಎಷ್ಟು ಕಾಲ ಬೇಕು ಎಂಬಂಥ ಪ್ರಶ್ನೆಗಳಿಗೆ ಅಲ್ಲಿ ವೈದ್ಯರೇ ಉತ್ತರಿಸುತ್ತಾರೆ.