ಅಂಗಾಂಶ: ಗ ಅಲ್ಲ, ಶ

ಹೋದ ವಾರ ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೂತಿದ್ದೆ. ಒಂದು ಟ್ರಸ್ಟಿನವರ ಪತ್ರದ ಕರಡು ತಿದ್ದಬೇಕಿತ್ತು. ವಿಷಯದ ಸಾಲು ಹೀಗಿತ್ತು: 'ಮಾನವ ಅಂಗಾಂಗ ಬ್ಯಾಂಕ್ ನಡೆಸಲು ಪರವಾನಗಿ ಕೋರಿ'. ಕೆಂಪು ಪೆನ್ನಿನಲ್ಲಿ ಎರಡನೆಯ 'ಗ' ಹೊಡೆದು 'ಶ' ಬರೆದೆ. ಟೈಪ್ ಮಾಡುವ ಹುಡುಗ, 'ಒಂದಕ್ಷರ ತಾನೇ ಸಾರ್, ಅರ್ಥ ಆಗುತ್ತೆ ಬಿಡಿ' ಅಂದ. ಆಗುತ್ತೆ ಕಣಪ್ಪ, ಬೇರೆ ಅರ್ಥ ಆಗುತ್ತೆ. ಈ ತಪ್ಪನ್ನು ಎಷ್ಟು ಸಲ ತಿದ್ದಿದ್ದೇನೋ, ಎಣಿಸುವುದನ್ನೇ ಬಿಟ್ಟಿದ್ದೇನೆ.

ಅಂಗಕ್ಕೆ ಅಂಗ ಸೇರಿದರೆ ಅಂಗಾಂಗ, ಅಂಶ ಸೇರಿದರೆ ಅಂಗಾಂಶ. ಎರಡೂ ಸವರ್ಣದೀರ್ಘ ಸಂಧಿ, ಕಿವಿಗೆ ಅವಳಿ ಜವಳಿ. ಅಂಗಾಂಗ ಹಳೆಯ ಮಾತು. ಅಂಗಾಂಶ ಇಂಗ್ಲಿಷಿನ ಟಿಶ್ಯೂಗೆ, ಅಂದರೆ ಒಂದೇ ಕೆಲಸ ಮಾಡುವ ಜೀವಕೋಶಗಳ ಗುಂಪಿಗೆ, ವಿಜ್ಞಾನದ ಪಾಠಕ್ಕೆಂದು ಕಟ್ಟಿದ ಪದ. ಕಟ್ಟಿದವರ ಮೇಲೆ ನನಗೆ ಸ್ವಲ್ಪ ಮುನಿಸಿದೆ. ಇಂಗ್ಲಿಷಿನ ಟಿಶ್ಯೂ ಹುಟ್ಟಿದ್ದು ಮಗ್ಗದ ಮೇಲೆ. ಹಳೆಯ ಫ್ರೆಂಚಿನಲ್ಲಿ ಅದಕ್ಕೆ 'ನೇಯ್ದದ್ದು' ಎಂದರ್ಥ. ಹಿಂದಿಯವರು ಅದೇ ಎಳೆ ಹಿಡಿದು ಊತಕ ಅಂದರು. ಸಂಸ್ಕೃತದಲ್ಲಿ ಊತ ಅಂದರೂ ನೇಯ್ದದ್ದೇ. (ನಮಗೆ ಊತ ಅಂದರೆ ಬಾವು. ಹಾಗಾಗಿ ಇಲ್ಲಿ ಅದು ನಡೆಯುತ್ತಿರಲಿಲ್ಲ, ಒಪ್ಪಿದೆ.) ತೆಲುಗಿನವರದು ಕಣಜಾಲ, ಕಣಗಳ ಬಲೆ. ಎಷ್ಟು ಚೆಂದ ಅಲ್ವಾ? ನಾವು ಮಾತ್ರ 'ಅಂಗದ ಒಂದು ಭಾಗ' ಅಂದು ಕೈತೊಳೆದುಕೊಂಡೆವು. ಅದನ್ನು ತಂದು ಅಂಗಾಂಗದ ಮಗ್ಗುಲಲ್ಲೇ ಕೂರಿಸಿದೆವು. ರೈತರೇ ಜಾಣರು. ಅಂಗಾಂಶ ಕೃಷಿ ಅನ್ನುವುದನ್ನು ಇಲಾಖೆಯ ಕರಪತ್ರಕ್ಕೆ ಬಿಟ್ಟು, ಸುಮ್ನೆ ಟಿಶ್ಯೂ ಕಲ್ಚರ್ ಬಾಳೆ ಅಂತಾರೆ.

ಇರಲಿ, ಪದ ಬಂದಾಗಿದೆ. ಸರಿಯಾಗಿಯಾದರೂ ಬಳಸೋಣ. ಬ್ಯಾಂಕ್ ಅಂದರೆ ಇಟ್ಟುಕೊಂಡು, ಬೇಕಾದಾಗ ಕೊಡುವ ಜಾಗ. ಹೃದಯವನ್ನು ಹಾಗೆ ಇಡಲು ಆಗುವುದಿಲ್ಲ. ಸಾಮಾನ್ಯವಾಗಿ 4ರಿಂದ 6 ಗಂಟೆಯೊಳಗೆ ಇನ್ನೊಂದು ಎದೆ ಸೇರಬೇಕು. ಅದಕ್ಕೇ ಬೆಂಗಳೂರಿನಲ್ಲಿ ಸಿಗ್ನಲ್ ತೆರವು ಮಾಡಿ ಆಂಬುಲೆನ್ಸ್ ಓಡಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಒಂದು ಯಕೃತ್ತು ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ನಮ್ಮ ಮೆಟ್ರೋದಲ್ಲೇ ಹೋಯಿತು. ಚರ್ಮದ ಕಥೆ ಬೇರೆ. ಗ್ಲಿಸರಾಲ್‌ನಲ್ಲಿ ಮುಳುಗಿಸಿ ತಣ್ಣಗಿಟ್ಟರೆ ವರ್ಷಗಟ್ಟಲೆ ಇರುತ್ತದೆ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಂಥ ಚರ್ಮದ ಬ್ಯಾಂಕ್ ಇದೆ. ಮೂಳೆ, ಹೃದಯದ ಕವಾಟ, ಕಣ್ಣಿನ ಕಾರ್ನಿಯಾ (ಮುಂಭಾಗದ ಪಾರದರ್ಶಕ ಪೊರೆ) ಕೂಡ ಅಂಗಾಂಶಗಳೇ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತಲ್ಲ, ಅಲ್ಲಿ ಕಸಿ ಮಾಡಿದ್ದು ಕಾರ್ನಿಯಾದ ಪದರಗಳನ್ನು. ಹಾಗಿದ್ದರೂ ನೇತ್ರದಾನದ ಪೋಸ್ಟರಿನಲ್ಲಿ ದಪ್ಪಕ್ಷರದ 'ಅಂಗಾಂಗ' ತಪ್ಪುವುದಿಲ್ಲ. ಇನ್ನು ಅಂಗಾಂಗ ಬ್ಯಾಂಕ್ ಅನ್ನುವುದು ಬಿಸಿ ದೋಸೆಯ ಉಗ್ರಾಣ ಇದ್ದಂತೆ.

ಕಾಯಿದೆಗೂ ಈ ವ್ಯತ್ಯಾಸ ಗೊತ್ತು. 1994ರ ಕಸಿ ಕಾಯಿದೆಯ ಹೆಸರಿನಲ್ಲಿ ಮೊದಲು ಅಂಗ ಮಾತ್ರ ಇತ್ತು. 2011ರ ತಿದ್ದುಪಡಿಯಲ್ಲಿ ಅಂಗಾಂಶವೂ ಸೇರಿತು. ಅಲ್ಲಿ ಅಂಗಾಂಶವೆಂದರೆ ದೇಹದಲ್ಲಿ ನಿರ್ದಿಷ್ಟ ಕೆಲಸ ಮಾಡುವ ಜೀವಕೋಶಗಳ ಗುಂಪು, ರಕ್ತವನ್ನು ಬಿಟ್ಟು. ಶಾಲೆಯಲ್ಲಿ ರಕ್ತವೂ ಅಂಗಾಂಶವೇ. ಈ ಕಾಯಿದೆಯಲ್ಲಿ ಅಲ್ಲ.

ವಿಷಯದ ಸಾಲಿನ ಎರಡನೇ ತಪ್ಪು ಹುಟ್ಟುವುದೂ ಇಲ್ಲೇ. ಪರವಾನಗಿ ಬೇಕಾಗುವುದು ರಕ್ತನಿಧಿಗೆ, ಅದೂ ಔಷಧ ಕಾಯಿದೆಯಡಿ. ಟಿಶ್ಯೂ ಬ್ಯಾಂಕಿಗೆ ಕಸಿ ಕಾಯಿದೆ ಹೇಳುವುದು ನೋಂದಣಿ. 14ಎ ಕಲಮು ನೋಡಿ. ಅರ್ಜಿ ನಮೂನೆ 14. ಕಣ್ಣಿನ ಬ್ಯಾಂಕಾದರೆ 15. ರಾಜ್ಯದ ಪ್ರಾಧಿಕಾರ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದೆ. 5 ವರ್ಷ ಆದಮೇಲೆ ನವೀಕರಣ. ಆಡುಮಾತಿನಲ್ಲಿ ಲೈಸೆನ್ಸು ಅಂದರೆ ನನ್ನ ತಕರಾರಿಲ್ಲ. ಅರ್ಜಿಯಲ್ಲಿ ಬೇಡ.

ಹುಡುಗ ಗೊಣಗುತ್ತಲೇ ತಿದ್ದಿದ: 'ಮಾನವ ಅಂಗಾಂಶ ಬ್ಯಾಂಕಿನ ನೋಂದಣಿ ಕೋರಿ'. ಪ್ರಿಂಟ್ ಚೆನ್ನಾಗಿಯೇ ಬಂತು. ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಮಾತ್ರ ಇನ್ನೂ 'ಅಂಗಾಂಗ 3' ಅಂತಲೇ ಇತ್ತು. ನೋಡಿಯೂ ನೋಡದ ಹಾಗೆ ಎದ್ದು ಬಂದೆ.